ಸದ್ದಲೇ ಎಂದ ಮೇಲೆ: ದನಿ ಕೊಡುವವರ ಕಸುಬು

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಮಾಲತೇಶನ ಕಾರಣಿಕ, ಎಂದರೆ ದೈವವಾಣಿ, ಆಗುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಕೆಳಗೆ ಡಮರುಗ, ಡೊಳ್ಳು, ಪೀಪಿ ಮಾರುವವರು, ತಪ್ಪಿಸಿಕೊಂಡ ಕೂಸನ್ನು ಕೂಗಿ ಕರೆಯುವವರು. ಮೇಲೆ ನಿಂತು ಆತ 'ಸದ್ದಲೇ' ಎನ್ನುತ್ತಾನೆ. ಅಷ್ಟೂ ಮಂದಿ ಗಪ್ಪಾಗುತ್ತಾರೆ. ಆಮೇಲೆ ಬರುವುದು ನಾಲ್ಕೈದು ಪದಗಳ ಒಂದೇ ಸಾಲು. ಹೊಳೆಯಾಚೆ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲೂ ಇದೇ ಪದ್ಧತಿ. ಆ ಸಾಲು ಮಳೆಯ ಮಾತೋ, ಬೆಳೆಯ ಮಾತೋ, ಸರ್ಕಾರ ಬೀಳುವ ಮಾತೋ ಎಂಬ ವಾದ ಮುಂದೆ ಚಹಾದಂಗಡಿಗಳಲ್ಲಿ ಎಷ್ಟೋ ದಿನ ನಡೆಯುತ್ತದೆ. ಅದು ಬೇರೆ ವಿಷಯ. ಇಲ್ಲಿ ನೋಡಬೇಕಾದದ್ದು ಕ್ರಮವನ್ನು. ಮೊದಲು ಸದ್ದು ಅಡಗಬೇಕು, ಆಮೇಲೆ ಮಾತು. ಕಡೆಯಲ್ಲಿ ನಿಂತವನಿಗೂ ಅದು ಮುಟ್ಟಬೇಕು. ಒಂದೇ ಟೇಕು, ಎರಡನೆಯದಿಲ್ಲ.

ಜಾಹೀರಾತಿಗೆ, ಸಾಕ್ಷ್ಯಚಿತ್ರಕ್ಕೆ, ಡಬ್ಬಿಂಗಿಗೆ, ಕೇಳುಪುಸ್ತಕಕ್ಕೆ, ಫೋನಿನಲ್ಲಿ 'ಒಂದನ್ನು ಒತ್ತಿ' ಎನ್ನುವುದಕ್ಕೆ ದನಿ ಕೊಡುವವರ ಕಸುಬನ್ನು ಕುರಿತ ಉಪನ್ಯಾಸಕ್ಕೆ ಈ ಗುಡ್ಡದಿಂದ ಹೊರಡುವುದು ಸರಿಯಾದ ದಾರಿ. ಕಂಠ ಚೆನ್ನಾಗಿದ್ದರೆ ಸಾಕು, ಮೈಕು ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಈಗಲೂ ಗಟ್ಟಿಯಾಗಿದೆ. ಹಾವೇರಿ ಜಿಲ್ಲೆಯಲ್ಲಿ ಕಂಠಕ್ಕೆ ಎಂದೂ ಬರ ಬಂದಿಲ್ಲ. ಬರ ಇರುವುದು ಕಿವಿಗೆ: ತನ್ನ ದನಿಯನ್ನು ತಾನೇ ಹೊರಗಿನವನಂತೆ ಕೇಳಿಕೊಳ್ಳುವ ಕಿವಿಗೆ. ಈ ಕಸುಬು ನಿಂತಿರುವುದು ಅದರ ಮೇಲೆ.

ಮೈಕು ಬರುವ ಮುಂಚೆ ಧ್ವನಿಮುದ್ರಣವೆಂದರೆ ದೇಹದಂಡನೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಯವರ ಕಹಳೆಯೊಳಗೆ ಗಟ್ಟಿಯಾಗಿ ಹಾಡಿ, ಮೂರು ಮಿನಿಟಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಯಾವುದೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿ ಮುಂಬೈಗೆ ಹೋಗಿ ಎಚ್‌ಎಂವಿ ತಟ್ಟೆಗಳಿಗೆ ಹಾಡಿದ್ದು 1930ರ ದಶಕದಲ್ಲಿ. ಆ ಮೊದಲ ತಟ್ಟೆಗಳ ಮೇಲಿದ್ದದ್ದು 'ಗಾಂಧಾರಿ' ಎಂಬ ಹೆಸರು. ಅಷ್ಟರಲ್ಲಿ ವಿದ್ಯುತ್ ಮೈಕು ಬಂದಿತ್ತು, ಕಹಳೆಯೊಳಗೆ ಕೂಗುವ ಕಷ್ಟ ತಪ್ಪಿತ್ತು. ಮೂರು ಮಿನಿಟಿನ ಬೇಲಿ ಮಾತ್ರ ಹಾಗೇ ಇತ್ತು.

ಗಂಗೂಬಾಯಿ ಹಾನಗಲ್ಲರ ತಟ್ಟೆಗಳನ್ನು ದನಿಯ ಕಸುಬಿಗೆ ಇಳಿಯುವ ಹುಡುಗ-ಹುಡುಗಿಯರಿಗೆ ಕೇಳಿಸಲೇಬೇಕು. ಮೊದಲಿನವುಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆಯಾಗಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯಾಯಿತು, ದನಿ ದಪ್ಪಗಾಯಿತು, ಗಂಡುದನಿಯ ಹತ್ತಿರಕ್ಕೆ ಇಳಿಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯಿತೆಂದುಕೊಳ್ಳುತ್ತಿದ್ದರು. ಅವರು ಆ ದನಿಗೆ ಏನು ಒಗ್ಗುತ್ತದೆ ಎಂದು ಕೇಳಿಕೊಂಡು ಅದರಲ್ಲೇ ಕಟ್ಟಿದರು. ಜಗತ್ತು ಇಂದು ಗುರುತಿಸುವ ಗಂಗೂಬಾಯಿ ಆ ಎರಡನೆಯ ದನಿಯವರು. ಸ್ಟುಡಿಯೋಕ್ಕೆ ಬಂದು 'ನನ್ನ ದನಿ ಒರಟು, ಸರ್' ಎಂದು ಮುಖ ಸಣ್ಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ರೇಡಿಯೊ ಬಂದದ್ದು ಇನ್ನೊಂದು ತಿರುವು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಆಕಾಶವಾಣಿಯನ್ನು ಶುರುಮಾಡಿದರು. ಈ ಭಾಗಕ್ಕೆ ದನಿ ಹತ್ತಿರವಾದದ್ದು 1950ರ ಜನವರಿ 8ರಂದು, ಧಾರವಾಡ ನಿಲಯದಿಂದ. ಆಗ ಹಾವೇರಿಯೂ ಧಾರವಾಡ ಜಿಲ್ಲೆಯೇ, ಬೇರೆಯಾದದ್ದು 1997ರಲ್ಲಿ. ಜಾತ್ರೆಗೆ ಕ್ಯಾಂಪು ಹಾಕುವ ನಾಟಕ ಕಂಪನಿಯ ನಟನಿಗೆ ಹಿಂದಿನ ಸಾಲಿನ ನಾಲ್ಕಾಣೆಯವನೇ ದೇವರು. ಅವನಿಗೆ ಕೇಳಿಸುವಂತೆ ಎದೆಯಿಂದ ಎತ್ತಿ ಮಾತಾಡಬೇಕು. ರೇಡಿಯೊ ನಾಟಕಕ್ಕೆ ಕರೆದಾಗ ಅದೇ ನಟನ ಸಂಭಾಷಣೆಗೆ ಮೀಟರಿನ ಮುಳ್ಳು ಕೊನೆಗೆ ಹೋಗಿ ಕುಟ್ಟುತ್ತಿತ್ತು. ಮೈಕಿಗೆ ಹಿಂದಿನ ಸಾಲೇ ಇಲ್ಲ. ಇರುವುದು ಒಬ್ಬನೇ ಕೇಳುಗ, ಅವನೂ ಗೇಣು ದೂರದಲ್ಲಿ.

ಗೇಣು ಎಂಬುದು ಅಲಂಕಾರಕ್ಕೆ ಹೇಳಿದ ಮಾತಲ್ಲ, ಅಳತೆಯೇ ಹೌದು. ಬಾಯಿಗೂ ಮೈಕಿಗೂ ನಡುವೆ ಚಾಚಿದ ಒಂದು ಗೇಣು ಇಟ್ಟುಕೊಂಡರೆ ಬಹುಪಾಲು ಓದಿಗೆ ಸಾಕು. ಒಂದು ದಿಕ್ಕಿನಿಂದ ಬರುವ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಒಂದು ಚಾಳಿ ಇದೆ: ಹತ್ತಿರ ಹೋದಷ್ಟೂ ದನಿಯ ಕೆಳಗಿನ ಭಾಗವನ್ನು ಉಬ್ಬಿಸುತ್ತದೆ. ಹೊಸಬರಿಗೆ ಅದೇ ಅಮಲು. ತಮ್ಮ ದನಿ ಸಿನಿಮಾ ಖಳನ ದನಿಯಂತೆ ಕೇಳಿಸಿತೆಂದು ಖುಷಿಯಾಗಿ ಇನ್ನೂ ಹತ್ತಿರ ಸರಿಯುತ್ತಾರೆ. ಆಗ 'ಪ', 'ಬ', 'ಭ' ಬಂದಾಗಲೆಲ್ಲ ಬಾಯಿಯ ಗಾಳಿ ಪೊರೆಗೆ ಬಡಿದು ಡಬ್ ಡಬ್ ಎನ್ನುತ್ತದೆ. ನಡುವೆ ಪಾಪ್ ಫಿಲ್ಟರ್ ಇಟ್ಟು, ಮೈಕಿನ ನೇರಕ್ಕೆ ಮಾತಾಡದೆ ಕೊಂಚ ಓರೆಯಾಗಿ ಮಾತಾಡಿದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಉಳಿಯುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಅದು ಸೂಕ್ಷ್ಮ, ಹಾಗಾಗಿ ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಬಿಡುವುದಿಲ್ಲ. ಗದ್ದಲದ ಮನೆಯಲ್ಲಿ ಕೆಲಸ ಮಾಡುವವರಿಗೆ ಡೈನಮಿಕ್ ಮೈಕೇ ವಾಸಿ, ಅಂಗಡಿಯವರು ಏನೇ ಹೇಳಲಿ.

ಕೋಣೆಯ ವಿಷಯಕ್ಕೆ ಬಂದರೆ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಪುಣೆ–ಬೆಂಗಳೂರು ಹೆದ್ದಾರಿ ಪೋಣಿಸಿದೆ, ರೈಲು ಹಳಿಯೂ ಹತ್ತಿರದಲ್ಲೇ ಸಾಗುತ್ತದೆ. ಲಾರಿಯ ಗುಡುಗುಡು ಕೆಳಸ್ತರದ ಸದ್ದು. ಅದನ್ನು ಗೋಡೆ ಮಾತ್ರ ತಡೆದೀತು, ಬಟ್ಟೆಯಲ್ಲ. ಆದರೆ ಕೋಣೆಯೊಳಗೇ ಹುಟ್ಟುವ ಪ್ರತಿಧ್ವನಿಯನ್ನು ಕೊಲ್ಲುವುದಕ್ಕೆ ದುಬಾರಿ ಫೋಮು ಬೇಕೇಬೇಕೆಂದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ನೇಯುವ ಕುರಿ ಉಣ್ಣೆಯ ಕಂಬಳಿ ಒಳ್ಳೆಯ ಕೆಲಸ ಮಾಡುತ್ತದೆ. ದಪ್ಪ ಉಣ್ಣೆ ಮೇಲುಸ್ತರದ ಸದ್ದನ್ನು ನುಂಗುತ್ತದೆ. ಎರಡು ಕಂಬಳಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ತೂಗುಹಾಕಿ, ಓದುವವರ ಬೆನ್ನ ಹಿಂದೆಯೂ ಒಂದನ್ನು ಇಳಿಬಿಟ್ಟರೆ ತಗಡಿನ ಚಾವಣಿಯ ಕೋಣೆಯೂ ಮಾತು ಕೇಳುತ್ತದೆ. ಫ್ಯಾನು ಆರಿಸಬೇಕು, ಫ್ರಿಜ್ಜಿನ ಪ್ಲಗ್ಗು ಕೀಳಬೇಕು. ಮುಗಿದ ಮೇಲೆ ಅದನ್ನು ಮತ್ತೆ ಹಾಕಲು ಮರೆತರೆ ಮನೆಯಲ್ಲಿ ಆಗುವ ಸದ್ದು ಯಾವ ಕಂಬಳಿಗೂ ನಿಲ್ಲುವುದಿಲ್ಲ.

ಎಲ್ಲ ಸಿದ್ಧವಾದ ಮೇಲೆ, ಓದುವ ಮುನ್ನ, ಅರ್ಧ ನಿಮಿಷ ಯಾರೂ ಉಸಿರೆತ್ತದೆ ಬರೀ ಕೋಣೆಯನ್ನು ಮುದ್ರಿಸಿಕೊಳ್ಳುವ ರೂಢಿಯಿದೆ. ಮಾತಿನ ನಡುವೆ ಕತ್ತರಿಸಿದ ಜಾಗಗಳಿಗೆ ತೇಪೆ ಹಾಕಲು ಆ ಮೌನವೇ ಬೇಕು. ಪೂರ್ತಿ ಶೂನ್ಯವನ್ನು ಇಟ್ಟರೆ ಕೇಳುಗನಿಗೆ ಫೋನು ಕಟ್ಟಾದಂತೆ ಅನ್ನಿಸುತ್ತದೆ. ಅಮೆರಿಕದ ಆಡಿಬಲ್ ಸಂಸ್ಥೆಯ ಎಸಿಎಕ್ಸ್ ವೇದಿಕೆ ಕೇಳುಪುಸ್ತಕಗಳಿಗೆ ಇಟ್ಟಿರುವ ಅಳತೆಯಲ್ಲಿ ಕೋಣೆಯ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು, ದನಿಯ ಸರಾಸರಿ ಮೈನಸ್ 23ರಿಂದ ಮೈನಸ್ 18ರ ನಡುವೆ ಇರಬೇಕು, ಶಿಖರ ಮೈನಸ್ 3ನ್ನು ದಾಟಬಾರದು. ಮೂರರಲ್ಲಿ ಮೊದಲನೆಯದಕ್ಕೇ ಹೆಚ್ಚಿನ ಮನೆ-ಸ್ಟುಡಿಯೋಗಳು ಎಡವುವುದು. ದನಿ ಸಣ್ಣದಾಗಿದ್ದರೆ ಏರಿಸಬಹುದು. ಅತಿಯಾಗಿ ಏರಿ ತಲೆ ಕತ್ತರಿಸಿಹೋದ ದನಿಯನ್ನು ಮೊದಲಿನಂತೆ ಮಾಡುವ ಯಂತ್ರ ಇಲ್ಲ.

ದೇಹದ ಬಗ್ಗೆ ಮನೆಮದ್ದಿನ ಪಟ್ಟಿ ದೊಡ್ಡದು: ಜ್ಯೇಷ್ಠಮಧು, ಕಲ್ಲುಸಕ್ಕರೆ, ಬಿಸಿನೀರು. ಅವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ನೀರು, ಅದೂ ಓದುವ ಹೊತ್ತಿಗೆ ಗಟಗಟ ಕುಡಿದದ್ದಲ್ಲ, ಬೆಳಗಿನಿಂದ ಕುಡಿದದ್ದು. ಬಾಯಿ ಒಣಗಿದರೆ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವಾಗ ಚಟ್ ಎನ್ನುತ್ತದೆ. ಎದುರು ಕೂತವನಿಗೆ ಕೇಳದ ಆ ಸದ್ದು ಮೈಕಿಗೆ ಕೇಳುತ್ತದೆ. ಹುಳಿ ಸೇಬಿನ ಒಂದು ಹೋಳು ಅದಕ್ಕೆ ಹಲವು ಸ್ಟುಡಿಯೋಗಳಲ್ಲಿ ಚಾಲ್ತಿಯಲ್ಲಿರುವ ಮದ್ದು. ಹಸಿದ ಹೊಟ್ಟೆ ಗುರುಗುಟ್ಟುತ್ತದೆ, ಎರಡು ರೊಟ್ಟಿ ಹೆಚ್ಚಾಗಿ ತಿಂದ ಹೊಟ್ಟೆಯೂ ಅಷ್ಟೇ. ಬಳೆ, ರೇಷ್ಮೆ ಸೀರೆ, ಗರಿಗರಿ ಇಸ್ತ್ರಿಯ ಅಂಗಿ ಇವು ಮೂರನ್ನೂ ಹೊರಗಿಟ್ಟು ಬರುವುದು ಲೇಸು. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆ ಸುತ್ತಿ ನೇರ ಸ್ಟುಡಿಯೋಕ್ಕೆ ಬಂದವರ ಗಂಟಲನ್ನು ಮೆಣಸಿನಕಾಯಿಯ ಘಾಟು ಹಿಡಿದಿರುತ್ತದೆ. ಅವರು ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳುವುದೇ ಬುದ್ಧಿವಂತಿಕೆ.

ಬ್ಯಾಡಗಿಯ ಹೆಸರು ಬಂದದ್ದರಿಂದ ಓದಿನ ಮಾತಿಗೆ ಬರಬಹುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರು. ಡಬ್ಬಿ ತಳಿಗೆ ಒಂದು ದರ, ಕಡ್ಡಿ ತಳಿಗೆ ಇನ್ನೊಂದು. ದರ ಓದುವವರಿಗೆ ಅದು ಅಂಕಿ. ಕೇಳುವವನಿಗೆ ಆ ವರ್ಷದ ಸಾಲ, ಮದುವೆ, ಬೋರ್‌ವೆಲ್ಲು. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟ ಊರು ಇದು. ಅಂಥ ಕಡೆ ಕ್ವಿಂಟಲ್ ದರವನ್ನು ಸೀರೆ ಅಂಗಡಿಯ ರಿಯಾಯಿತಿಯಂತೆ ಕುಣಿಸಿ ಓದಿದರೆ ಕೇಳುವವರ ಮೈ ಉರಿಯುತ್ತದೆ. ಎಂಬತ್ತು, ತೊಂಬತ್ತು ಎರಡರ ಬಾಲವೂ ಒಂದೇ. ಇಪ್ಪತ್ತು, ಎಪ್ಪತ್ತೂ ಹಾಗೆಯೇ. ತುದಿಗೆ ಒತ್ತು ಕೊಟ್ಟು ಓದುವ ಚಟವಿದ್ದವರ ಬಾಯಲ್ಲಿ ಆಟೋದ ಲೌಡ್‌ಸ್ಪೀಕರಿನಿಂದ ಎಲ್ಲವೂ 'ಬತ್ತು', 'ಪ್ಪತ್ತು' ಎಂದಷ್ಟೇ ಕೇಳಿಸುತ್ತವೆ. ಮೊದಲ ಅಕ್ಷರವನ್ನು ಎತ್ತಿ ಹಿಡಿಯಬೇಕು.

ರಾಣೆಬೆನ್ನೂರಿನಲ್ಲಿ ಈ ಅಂಕಿಯ ಓದು ಇನ್ನೂ ಸೂಕ್ಷ್ಮ. ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಬೀಜ, ಔಷಧಿಗಳ ಪ್ರಚಾರಕ್ಕೂ ರೈತರ ಸಲಹೆಗೂ ದನಿ ಬೇಕಾಗುತ್ತಲೇ ಇರುತ್ತದೆ. ಲೀಟರ್ ನೀರಿಗೆ ಎರಡು ಮಿಲಿಲೀಟರ್ ಎನ್ನುವ ಕಡೆ ನಾಲಿಗೆ ತಪ್ಪಿದರೆ ನಷ್ಟ ಹೊಲದಲ್ಲಿ. ಓದುವವರು ಬರಹವನ್ನು ಮುಂಚಿತವಾಗಿ ಕೇಳಿ ತರಿಸಿಕೊಂಡು, ಪ್ರಮಾಣ ಬಂದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಹಿಂದೆ ಒಂದು ಸಣ್ಣ ನಿಲುಗಡೆ ಇಟ್ಟುಕೊಳ್ಳುತ್ತಾರೆ. ಬರಹ ಇಂಗ್ಲಿಷಿನಿಂದ ಇಳಿಸಿದ್ದಾಗಿದ್ದರೆ ಸಂಕಟ ಬೇರೆಯೇ. ಮೂವತ್ತು ಸೆಕೆಂಡಿನಲ್ಲಿ ಇಂಗ್ಲಿಷಿನ ಎಪ್ಪತ್ತೈದು ಪದ ಆರಾಮವಾಗಿ ಕೂರುತ್ತವೆ. ಕನ್ನಡದಲ್ಲಿ 'ಮಾಡಿಸಿಕೊಳ್ಳಬೇಕಾಗಿರುವುದರಿಂದ' ಎಂಬುದೊಂದೇ ಪದ, ಹದಿಮೂರು ಅಕ್ಷರ. ಲೆಕ್ಕವನ್ನು ಪದದಲ್ಲಿ ಕೊಟ್ಟವರಿಗೆ ಸ್ಟುಡಿಯೋದಲ್ಲಿ ಗಡಿಯಾರ ಪಾಠ ಹೇಳುತ್ತದೆ. ಓದುವವರು ಓಡುತ್ತಾರೆ, ಮಾತು ಹಿಂದೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಬರಹವನ್ನು ಕತ್ತರಿಸಿ ಎಂದು ಹೇಳುವ ಧೈರ್ಯವೂ ಕಸುಬಿನ ಭಾಗವೇ.

ತೀರಾ ಸಪ್ಪೆ ಎನ್ನಿಸುವ ಬರಹಕ್ಕೆ ಮರ್ಯಾದೆ ತಂದವರು ಅಪರ್ಣಾ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಪರದೆಗೆ ಬಂದು, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಪಳಗಿ, ವೇದಿಕೆಗಳಲ್ಲಿ ಗಂಟೆಗಟ್ಟಲೆ ನಿರೂಪಣೆ ಮಾಡಿದ ಅವರ ದನಿಯನ್ನು ಅತಿ ಹೆಚ್ಚು ಜನ ಕೇಳಿದ್ದು 'ನಮ್ಮ ಮೆಟ್ರೋ'ದಲ್ಲಿ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ: ಇಷ್ಟೇ ಬರಹ. ಅದರಲ್ಲಿ ಅಭಿನಯಕ್ಕೆ ಜಾಗವೇ ಇಲ್ಲ. ಆದರೆ ದಿನಕ್ಕೆ ಎರಡು ಸಲದಂತೆ ವರ್ಷಗಟ್ಟಲೆ ಕೇಳಿದರೂ ಬೇಸರವಾಗದಂತೆ ಓದುವುದಿದೆಯಲ್ಲ, ಅದು ಒಂದು ಸಲ ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಕಷ್ಟ. ಒತ್ತು ಅತಿಯಾದರೆ ಮೂರನೆಯ ದಿನಕ್ಕೇ ಕಿರಿಕಿರಿ, ಕಡಿಮೆಯಾದರೆ ನಿದ್ದೆ. 2024ರ ಜುಲೈ 11ರಂದು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಮರುದಿನ ಮೆಟ್ರೋ ಹತ್ತಿದವರಿಗೆ ನಿಲ್ದಾಣದ ಹೆಸರು ಹೇಳಿದ್ದು ಅದೇ ದನಿ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಓಸ್ವಾಲ್ಡ್ ಲಾರೆನ್ಸ್ ಎಂಬ ನಟನ ಹಳೆಯ ಎಚ್ಚರಿಕೆಯ ದನಿಯನ್ನು ತೆಗೆದುಹಾಕಿದಾಗ, ಅಗಲಿದ ಗಂಡನ ದನಿ ಕೇಳಲೆಂದೇ ಅಲ್ಲಿಗೆ ಬರುತ್ತಿದ್ದ ಅವರ ಪತ್ನಿ ವಿಚಾರಿಸಿದ್ದರು. 2013ರಲ್ಲಿ ಅದನ್ನು ಅದೇ ನಿಲ್ದಾಣಕ್ಕೆ ಮರಳಿ ತಂದರು.

ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಒಂದೇ ಹಳಿಯ ಮೇಲಿನ ನಿಲ್ದಾಣಗಳು. ರೈಲು ಪ್ರಕಟಣೆಯನ್ನು ಯಾರೂ ಪೂರ್ತಿ ವಾಕ್ಯವಾಗಿ ಓದಿರುವುದಿಲ್ಲ. ಊರಿನ ಹೆಸರು, ಅಂಕಿ, ಪ್ಲಾಟ್‌ಫಾರ್ಮು ಬಿಡಿಬಿಡಿ ತುಂಡುಗಳು, ಕಂಪ್ಯೂಟರು ಹೊಲಿಯುತ್ತದೆ. ಇಂಥ ಹೊಲಿಗೆಗೆ ಓದುವವರು ಒಂದೇ ಅಂಕಿಯನ್ನು ನಡುವೆ ಬರುವ ರಾಗದಲ್ಲೊಮ್ಮೆ, ಕೊನೆಗೆ ಬರುವ ರಾಗದಲ್ಲೊಮ್ಮೆ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕು. 'ರಾಣೆಬೆನ್ನೂರಿಗೆ' ಎಂದು ಪ್ರತ್ಯಯ ಹತ್ತಿದ ಕೂಡಲೇ ಹೆಸರಿನ ಬಾಲ ಬದಲಾಗುತ್ತದೆ, ತುಂಡು ಕೂರುವುದಿಲ್ಲ. ಅದಕ್ಕೇ ಹೆಸರುಗಳನ್ನು ಸಾಲಾಗಿ ಹೇಳಿ ಕೊನೆಗೆ 'ಮಾರ್ಗವಾಗಿ' ಎಂದು ಗಂಟು ಹಾಕುವುದು ಸಲೀಸು.

ಡಬ್ಬಿಂಗಿನ ಕತೆ ಕನ್ನಡದಲ್ಲಿ ಬೇರೆಡೆಗಿಂತ ತಡವಾಗಿ ಬೆಳೆಯಿತು. 1960ರ ದಶಕದ ಚಳವಳಿಯ ನಂತರ ಪರಭಾಷೆಯ ಚಿತ್ರಗಳಿಗೆ ಕನ್ನಡ ದನಿ ಕೊಡುವುದು ನಿಂತೇ ಹೋಯಿತು; ಕಾನೂನೇನೂ ಇರಲಿಲ್ಲ, ಕಟ್ಟುಪಾಡು ಅಷ್ಟೇ. ಆಗಲೂ ದನಿಯ ಕೆಲಸ ಇತ್ತು. ಕನ್ನಡ ಬಾರದ ನಾಯಕಿಯರಿಗೆ ಕನ್ನಡದ ದನಿ ಬೇಕಿತ್ತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅಂಥ ಹಲವರಿಗೆ ದನಿಯಾದರು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ಕನ್ನಡದಲ್ಲಿ ಬರದೇ ಹೋದದ್ದು ದೊಡ್ಡ ಚರ್ಚೆಯಾಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟಿತು. 2017ರ ಮಾರ್ಚಿನಲ್ಲಿ ಅಜಿತ್ ನಟಿಸಿದ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಆಗಿ ಬಂತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗು ನಿಂತಾಗ ಟೀವಿಯಲ್ಲಿ 'ಮಹಾಭಾರತ' ಕನ್ನಡ ಮಾತಾಡತೊಡಗಿದ ಮೇಲೆ ಮನೆಮಂದಿಗೆಲ್ಲ ಅದು ಅಭ್ಯಾಸವಾಯಿತು. ಕಟ್ಟುಪಾಡಿನಿಂದ ಭಾಷೆ ಉಳಿಯಿತೋ, ಎರಡು ತಲೆಮಾರಿನ ದನಿಗಳು ಕೆಲಸ ಕಳೆದುಕೊಂಡವೋ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ಎರಡೂ ನಿಜವಿರಬಹುದು.

ಡಬ್ಬಿಂಗ್ ಕೋಣೆಯಲ್ಲಿ ನೋಡುವುದು ತುಟಿಯನ್ನು. ಪ, ಬ, ಮ ಬಂದರೆ ತುಟಿ ಮುಚ್ಚಲೇಬೇಕು. ಮುಚ್ಚಿದ್ದನ್ನು ಪರದೆಯ ಮೇಲೆ ಎಲ್ಲರೂ ಕಾಣುತ್ತಾರೆ. ಹಿಂದಿಯಲ್ಲಿ ಮಗ 'ಮಾ' ಎಂದು ಕರೆದಾಗ ತುಟಿ ಕೂಡಿ ಬಿಡುತ್ತದೆ. ಅಲ್ಲಿ 'ಅಮ್ಮ' ಸರಿಯಾಗಿ ಕೂರುತ್ತದೆ. ಹಾವೇರಿ ಕಡೆಯ ಮಗ ಕರೆಯುವುದು 'ಅವ್ವ' ಎಂದು. 'ವ'ಕ್ಕೆ ಕೆಳತುಟಿ ಹಲ್ಲಿಗೆ ತಾಗುತ್ತದೆ, ಮೇಲುತುಟಿಗಲ್ಲ. ಪರದೆಯಲ್ಲಿ ಮುಚ್ಚಿದ ತುಟಿಗೆ ಕಿವಿಯಲ್ಲಿ ತೆರೆದ ಅಕ್ಷರ ಬಿದ್ದರೆ ನೋಡುವವರಿಗೆ ಏನೋ ಎಡವಟ್ಟು ಎನ್ನಿಸುತ್ತದೆ. ದೂರದ ಶಾಟಿನಲ್ಲಿ, ಬೆನ್ನು ತಿರುಗಿಸಿದ ಶಾಟಿನಲ್ಲಿ 'ಅವ್ವ'ನನ್ನು ಇಟ್ಟು, ಹತ್ತಿರದ ಮುಖಕ್ಕೆ 'ನಮ್ಮವ್ವ' ಎಂದು ಬರೆದುಕೊಟ್ಟರೆ ಸಮಸ್ಯೆ ಕಳೆಯುತ್ತದೆ. ಆದರೆ ಹಾಗೆ ಬರೆಯುವುದಕ್ಕೆ ಬರೆಯುವವರ ಕಿವಿಯಲ್ಲಿ ಈ ಕಡೆಯ ಮಾತು ಇರಬೇಕು. ಇಲ್ಲದಿದ್ದರೆ ಸುಲಭದ ದಾರಿ ಎಲ್ಲರ ತಾಯಿಯನ್ನೂ 'ಅಮ್ಮ' ಮಾಡುವುದು.

ಇದೇ ಕಾರಣಕ್ಕೆ ಈ ಜಿಲ್ಲೆಯಿಂದ ಬೆಂಗಳೂರಿಗೆ ಹೋದ ದನಿಗಳಿಗೆ ಮೊದಲು ಸಿಗುವ ಸಲಹೆ 'ಭಾಷೆ ತಿದ್ದಿಕೊಳ್ಳಿ' ಎಂಬುದು. 'ಐತಿ', 'ಮನಿ', 'ಬರಾಕತ್ತೀನಿ' ಎಂದವರಿಗೆ ಸಿಗುವ ಪಾತ್ರ ಹಾಸ್ಯದ್ದು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ 'ಸರಿಗಮಪ' ವೇದಿಕೆಗೆ ಬಂದಾಗ ತನ್ನ ಮಾತನ್ನು ತಿದ್ದಿಕೊಳ್ಳಲಿಲ್ಲ. 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದಾಗಲೂ ಅದೇ ಮಾತು. ಲಕ್ಷಗಟ್ಟಲೆ ಮನೆಗಳು ಅದನ್ನು ನಗದೇ ಕೇಳಿದವು, ಅಥವಾ ಅವನೊಂದಿಗೆ ನಕ್ಕವು. ಹಾಗೆಂದು ಶಿಷ್ಟಗನ್ನಡವನ್ನು ಬಿಡಬೇಕೆಂದಲ್ಲ. ಆಸ್ಪತ್ರೆಯ ಸೂಚನೆಗೆ, ಪರೀಕ್ಷೆಯ ಪಾಠಕ್ಕೆ ಅದು ಬೇಕು. ಎರಡನ್ನೂ ಬಾಯಲ್ಲಿಟ್ಟುಕೊಂಡವರಿಗೆ ಎರಡು ಪಟ್ಟು ಕೆಲಸ. ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇರುವ ಜಿಲ್ಲೆ, ತನ್ನ ಆಡುಮಾತಿನ ಓದನ್ನು ಸ್ಟುಡಿಯೋ ಗುಣಮಟ್ಟದಲ್ಲಿ ಮುದ್ರಿಸಿ ಇಡುವ ಕೆಲಸಕ್ಕೆ ಬೇರೆಯವರ ದಾರಿ ಕಾಯಬೇಕಾಗಿಲ್ಲ.

ಕೊನೆಗೆ ಹಣ ಮತ್ತು ಹಕ್ಕು. ಅಮೆರಿಕದ ಸೂಸನ್ ಬೆನೆಟ್ 2005ರ ಜುಲೈ ತಿಂಗಳಿಡೀ ದಿನಕ್ಕೆ ನಾಲ್ಕು ಗಂಟೆಯಂತೆ ಅರ್ಥವಿಲ್ಲದ ವಾಕ್ಯಗಳನ್ನು ಓದಿ ಹಣ ಪಡೆದು ಮನೆಗೆ ಹೋದರು. ಆ ದನಿ ಐಫೋನಿನ 'ಸಿರಿ'ಯಾಗಿದೆ ಎಂದು ಅವರಿಗೆ ತಿಳಿದದ್ದು 2011ರಲ್ಲಿ, ಪರಿಚಯದವರು ಹೇಳಿದ ಮೇಲೆ. ಈಗ ಅಷ್ಟು ಓದೂ ಬೇಕಿಲ್ಲ. ಸ್ವಲ್ಪ ಹೊತ್ತಿನ ಮುದ್ರಣ ಸಿಕ್ಕರೆ ಯಂತ್ರ ದನಿಯನ್ನು ನಕಲು ಮಾಡುತ್ತದೆ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯ ಇಂಥ ನಕಲಿಗೆ ತಡೆ ಕೊಟ್ಟಿತು. ಅವರು ಹೆಸರಾಂತರು. ರಾಣೆಬೆನ್ನೂರಿನಲ್ಲಿ ಬೀಜದ ಜಾಹೀರಾತು ಓದುವವರ ದನಿಯನ್ನು ನಕಲು ಮಾಡಿದರೆ ಅದು ತಮ್ಮದೆಂದು ಸಾಬೀತು ಮಾಡುವುದೇ ಮೊದಲ ತೊಡಕು.

ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ಐವತ್ತು ವರ್ಷಗಳ ಹಕ್ಕು ಕೊಟ್ಟಿದೆ. ಆದರೆ 2012ರ ತಿದ್ದುಪಡಿಯಲ್ಲಿ ಒಂದು ಷರತ್ತು ಸೇರಿಕೊಂಡಿದೆ: ಚಲನಚಿತ್ರದಲ್ಲಿ ಒಬ್ಬರ ಪಾತ್ರ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲೂ ಬರದಂಥದ್ದಾಗಿದ್ದರೆ, ತಮ್ಮ ಪ್ರದರ್ಶನವನ್ನು ವಿಕೃತಗೊಳಿಸುವುದರ ವಿರುದ್ಧದ ಹಕ್ಕೊಂದನ್ನು ಬಿಟ್ಟು ಉಳಿದದ್ದಕ್ಕೆ ಅವರು ಪ್ರದರ್ಶಕರೆಂದೇ ಲೆಕ್ಕವಿಲ್ಲ. ಪರದೆಯ ಮೇಲೆ ಹೆಸರು ಹಾಕಿಸಿಕೊಳ್ಳುವುದನ್ನು ದೊಡ್ಡಸ್ತಿಕೆಯ ಹಂಬಲವೆಂದು ತಿಳಿಯುವ ದನಿ ಕಲಾವಿದರು ಈ ಸಾಲನ್ನು ಎರಡು ಸಲ ಓದಬೇಕು. ಜಾಹೀರಾತಿನಲ್ಲಿ ಹೆಸರು ಬರುವುದೇ ಇಲ್ಲವಾದ್ದರಿಂದ ಅಲ್ಲಿ ಕಾಗದವೇ ಗತಿ. ದನಿಯನ್ನು ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ, ಯಾವ ಪ್ರದೇಶದಲ್ಲಿ ಬಳಸುತ್ತಾರೆ, ಯಂತ್ರಕ್ಕೆ ಕಲಿಸಲು ಬಳಸುತ್ತಾರೋ ಇಲ್ಲವೋ ಎಂಬುದನ್ನು ಮುಂಗಡ ತೆಗೆದುಕೊಳ್ಳುವ ಮುನ್ನವೇ ಬರೆಸಿಕೊಳ್ಳಬೇಕು. ವಾಟ್ಸ್‌ಆ್ಯಪಿನ ಎರಡು ಸಾಲಾದರೂ ಸರಿ, ಬಾಯಿಮಾತಿಗಿಂತ ಅದಕ್ಕೆ ತೂಕ ಹೆಚ್ಚು.